ತೊಪ್ಪಿ ಎಲ್ಲಿ ಹೋಯ್ತು?

ನಮ್ಮ ಭಾವ ಮೃದಂಗದವರು. ಬ್ಯಾಂಕಿನಲ್ಲಿ ದುಡಿಯುತ್ತಲೇ ನಲವತ್ತು ವರ್ಷ ಕಚೇರಿಗಳಿಗೆ ಪಕ್ಕವಾದ್ಯ ಕೂತವರು. ಈ ಯುಗಾದಿಯ ಮಾರನೆ ದಿನ ಅವರ ಮಗ, ಅಂದರೆ ನನ್ನ ಅಕ್ಕನ ಮಗ, ರಾಜರಾಜೇಶ್ವರಿನಗರದಲ್ಲಿ ಕೊಂಡ ಹೊಸ ಫ್ಲ್ಯಾಟಿಗೆ ಊಟಕ್ಕೆ ಕರೆದಿದ್ದ. ಒಬ್ಬಟ್ಟು ನೆಪ. ಅವನಿಗೆ ತೋರಿಸಬೇಕಾಗಿದ್ದದ್ದು ಟಿವಿ ಯೂನಿಟ್ಟಿನ ಗೂಡುಗಳಲ್ಲಿ ಬಂದು ಕೂತಿದ್ದ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರು. ನಾವು ಕೈ ತೊಳೆದು ಬರುವಷ್ಟರಲ್ಲಿ, "ಅಪ್ಪಾ, ನಿಮ್ದೇ ಹಾಕ್ತೀನಿ, ಕೇಳಿ" ಅಂದ. 1992ರ ರಾಮನವಮಿಯ ಕಚೇರಿ. ಯಾರೋ ಪುಣ್ಯಾತ್ಮರು ಪೆಂಡಾಲಿನಲ್ಲಿ ಒಂದೇ ಮೈಕ್ ಇಟ್ಟು ಕ್ಯಾಸೆಟ್ಟಿಗೆ ಹಿಡಿದದ್ದನ್ನು ಹುಡುಗ ಜೋಪಾನವಾಗಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ತನಿ, ಅಂದರೆ ಹಾಡು ನಿಲ್ಲಿಸಿ ಮೃದಂಗಕ್ಕೇ ಬಿಟ್ಟುಕೊಡುವ ಭಾಗ, ಶುರುವಾಯಿತು. ಭಾವ ಎರಡು ಆವರ್ತ ತಾಳ ಹಾಕಿದರು, ಕೈ ನಿಲ್ಲಿಸಿದರು.

"ಬಲ ಮಾತ್ರ ಕೇಳಿಸ್ತಿದೆಯಲ್ಲೋ. ತೊಪ್ಪಿ ಎಲ್ಲಿ ಹೋಯ್ತು?"

ಮೃದಂಗದ ಎಡಮುಖವೇ ತೊಪ್ಪಿ. ಕಚೇರಿಗೆ ಮುಂಚೆ ಅದರ ನಡುವೆ ಒದ್ದೆ ರವೆಯ ಮುದ್ದೆ ಮೆತ್ತುತ್ತಾರಲ್ಲ, ಆ ಭಾರದಿಂದಲೇ ಅದಕ್ಕೆ ಆ ಆಳದ ದನಿ. ಅಂಗೈಯ ಬುಡ ಒತ್ತಿ ಜಾರಿಸಿದಾಗ ಪಾರಿವಾಳ ಗುಟುರು ಹಾಕಿದ ಹಾಗೆ ಒಂದು ಗುಂಕಿ ಏಳುತ್ತದೆ. ಅದೇ ಇಲ್ಲದ ಮೃದಂಗವೆಂದರೆ ಹುಳಿಯಿಲ್ಲದ ಸಾರು. ಹುಡುಗನ ಮುಖ ಸಣ್ಣದಾಯಿತು. ಸ್ಪೀಕರಿಗೆ ಹದಿನೈದು ಸಾವಿರ, ಅದನ್ನು ನಡೆಸುವ ಪುಟ್ಟ ಆಂಪ್ಲಿಫೈಯರಿಗೆ ಆರು ಸಾವಿರ ಕೊಟ್ಟು ತಂದಿದ್ದಾನೆ. "ಮಾವ, ನಾನು ತಪ್ಪು ಸೆಟ್ ತಗೊಂಡ್ನಾ? ಇನ್ನೂ ಜಾಸ್ತಿ ವಾಟಿಂದು ತಗೋಬೇಕಿತ್ತಾ?" ಎಂದು ನನ್ನ ಕಡೆ ತಿರುಗಿದ.

ಅವನು ತಂದದ್ದು ಸರಿಯಾದ ಸೆಟ್ಟೇ. ಆದರೆ ವಾಟಿನ ಈ ಪ್ರಶ್ನೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದುಬಿಟ್ಟಿದೆಯೆಂದರೆ, ಮೊದಲು ಅದನ್ನು ಕಿತ್ತು ಪಕ್ಕಕ್ಕಿಡದೆ ಬೇರೆ ಮಾತಾಡುವಂತಿಲ್ಲ.

ತೊಂಬತ್ತರ ದಶಕದ ಟೂ-ಇನ್-ಒನ್‌ಗಳ ಮೈಮೇಲೆ ಮಿರಿಮಿರಿ ಸ್ಟಿಕ್ಕರ್ ಇರುತ್ತಿತ್ತು: 1,000 ವಾಟ್ ಪಿಎಂಪಿಒ. ಅದೇ ಪೆಟ್ಟಿಗೆಯನ್ನು ತಿರುಗಿಸಿ ಬೆನ್ನಿನ ಮೇಲಿನ ಚಿಕ್ಕ ಅಕ್ಷರ ಓದಿದರೆ, ಅದು ಗೋಡೆಯ ಪ್ಲಗ್ಗಿನಿಂದ ಎಳೆಯುವ ಕರೆಂಟೇ ಇಪ್ಪತ್ತು ಮೂವತ್ತು ವಾಟ್. ಬಿಂದಿಗೆ ನೀರು ತುಂಬಿಸಿಕೊಂಡು ಟ್ಯಾಂಕರ್ ಸುರಿಸುತ್ತೇನೆ ಅಂದ ಹಾಗೆ. ಪಿಎಂಪಿಒ ಎಂಬ ಅಳತೆಗೆ ಒಪ್ಪಿತವಾದ ಯಾವ ಮಾನದಂಡವೂ ಇರಲಿಲ್ಲ, ಬರೆದವನೇ ಬ್ರಹ್ಮ. ಈಗ ಆ ಸ್ಟಿಕ್ಕರ್ ಕಡಿಮೆಯಾಗಿದೆ. ಚಟ ಮಾತ್ರ ಉಳಿದುಕೊಂಡಿದೆ.

ಸ್ಪೀಕರಿನ ಕಾಗದದಲ್ಲಿ ವಾಟಿಗಿಂತ ಮೊದಲು ನೋಡಬೇಕಾದದ್ದು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು. ಸಾಧಾರಣ ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಇದು 84ರಿಂದ 88ರೊಳಗೆ ಇರುತ್ತದೆ. ಅಕ್ಕನ ಮಗನದ್ದು 86. ಎರಡೂವರೆ ಮೀಟರ್ ದೂರದ ಸೋಫಾಕ್ಕೆ ಬರುವಷ್ಟರಲ್ಲಿ ಹೆಚ್ಚೆಂದರೆ ಎಂಟು ಡೆಸಿಬೆಲ್ ಸೋರುತ್ತದೆ. ಸ್ಪೀಕರು ಎರಡಿರುವುದರಿಂದ ಮೂರು ಮರಳಿ ಸೇರುತ್ತದೆ. ಅಂದರೆ ಒಂದೊಂದಕ್ಕೆ ಬರೀ ಒಂದು ವಾಟ್ ಕೊಟ್ಟರೆ ಕಿವಿಗೆ 81 ಡೆಸಿಬೆಲ್. ನಾವು ಎದುರುಬದುರು ಕೂತು ಆಡುವ ಮಾತು 60ರ ಆಸುಪಾಸು. 81ರಲ್ಲಿ ಪಕ್ಕದವರನ್ನು ಕೂಗಿಯೇ ಮಾತಾಡಿಸಬೇಕು. ವಾಟ್ ದುಪ್ಪಟ್ಟಾದಾಗೆಲ್ಲ ಸಿಗುವುದು ಮೂರು ಡೆಸಿಬೆಲ್ ಮಾತ್ರ: ಎರಡಕ್ಕೆ 84, ನಾಲ್ಕಕ್ಕೆ 87, ಎಂಟಕ್ಕೆ 90, ಹದಿನಾರಕ್ಕೆ 93. ಮೃದಂಗದ ಒಂದು ಗಟ್ಟಿ ಪೆಟ್ಟು ಕಚೇರಿಯ ಸರಾಸರಿ ಸದ್ದಿಗಿಂತ ಥಟ್ಟನೆ ಮೇಲೆ ಹಾರುತ್ತದೆ, ಅದಕ್ಕೆ ಒಂದಿಷ್ಟು ಮೀಸಲು ಬೇಕು ನಿಜ. ಆ ಮೀಸಲೂ ಸೇರಿ ಮೂವತ್ತು ವಾಟ್ ನಮ್ಮ ಹಾಲ್‌ಗಳಿಗೆ ಧಾರಾಳ. 50 ಬಿಟ್ಟು 100 ವಾಟಿನ ಆಂಪ್ ತಂದರೆ ಹೆಚ್ಚಿಗೆ ಸಿಗುವುದು ಅದೇ ಮೂರು ಡೆಸಿಬೆಲ್. ಅದೇ ನೀವು 83ರ ಸ್ಪೀಕರ್ ಬಿಟ್ಟು 89ರದ್ದನ್ನು ಆರಿಸಿಕೊಂಡಿರೋ, ನಾಲ್ಕು ಪಟ್ಟು ದೊಡ್ಡ ಆಂಪ್ ಕೊಂಡಷ್ಟೇ ಆಯಿತು, ಒಂದು ರೂಪಾಯಿ ಹೆಚ್ಚಿಗೆ ಕರೆಂಟ್ ಬಿಲ್ಲಿಲ್ಲದೆ.

ಇನ್ನು ಬುಕ್‌ಶೆಲ್ಫ್ ಸ್ಪೀಕರ್ ಎಂಬ ಹೆಸರು. ಪುಸ್ತಕದ ಕಪಾಟಿನಲ್ಲಿ ಇಡಬಹುದಾದಷ್ಟು ಚಿಕ್ಕದು ಅನ್ನುವುದಷ್ಟೇ ಅದರ ಅರ್ಥ, ಅಲ್ಲೇ ಇಡಬೇಕೆಂದಲ್ಲ. ಒಂದಡಿಯೋ ಒಂದೂಕಾಲು ಅಡಿಯೋ ಎತ್ತರದ ಪೆಟ್ಟಿಗೆ. ಕೆಳಗೆ 4ರಿಂದ 6.5 ಇಂಚಿನ ವೂಫರ್, ಮೇಲೆ ಒಂದಿಂಚಿನ ಗುಮ್ಮಟದಂಥ ಟ್ವೀಟರ್. ಒಳಗೆ ಕ್ರಾಸ್‌ಓವರ್ ಎಂಬ ಸರ್ಕ್ಯೂಟು 2,000ದಿಂದ 3,000 ಹರ್ಟ್ಸ್ ನಡುವೆ ಎಲ್ಲೋ ಒಂದು ಕಡೆ ಗೆರೆ ಎಳೆದು, ಕೆಳಗಿನದ್ದನ್ನು ವೂಫರಿಗೆ, ಮೇಲಿನದ್ದನ್ನು ಟ್ವೀಟರಿಗೆ ಹಂಚುತ್ತದೆ. ಚಿಕ್ಕ ಪೆಟ್ಟಿಗೆಯಿಂದ ತಗ್ಗಿನ ಸ್ವರ ಹೊರಡಿಸುವುದು ಒಂದು ಕಾಲಕ್ಕೆ ಆಗದ ಮಾತಾಗಿತ್ತು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು ಎಆರ್-1 ಎಂಬ ಸ್ಪೀಕರ್ ಮಾಡಿದ. ಬುಕ್‌ಶೆಲ್ಫ್ ಸ್ಪೀಕರುಗಳ ವಂಶ ಬೆಳೆದದ್ದು ಅಲ್ಲಿಂದ. ಆ ಎಆರ್-1 ಏನೂ ಹಗುರವಲ್ಲ, ನಮ್ಮ ಪ್ಲೈವುಡ್ ಕಪಾಟಿನಲ್ಲಿಟ್ಟರೆ ಹಲಗೆ ಬಾಗೀತು. ಇನ್ನೊಂದು ದಾರಿ, ಪೆಟ್ಟಿಗೆಗೆ ತೂತು ಕೊರೆದು ಕೊಳವೆ ಕೂರಿಸುವುದು. ಸೋಡಾ ಬಾಟಲಿಯ ಬಾಯಿಗೆ ಊದಿದರೆ ಭೋಂ ಅನ್ನುವ ಹಾಗೆ ಆ ಕೊಳವೆಯೊಳಗಿನ ಗಾಳಿ ವೂಫರಿನ ಜೊತೆ ಸೇರಿ ತಗ್ಗು ಸ್ವರಕ್ಕೆ ಹೆಗಲು ಕೊಡುತ್ತದೆ. ಎಷ್ಟು ದೊಡ್ಡ ಪೆಟ್ಟಿಗೆಗೆ ಎಷ್ಟುದ್ದದ ಕೊಳವೆ ಎಂಬ ಗಣಿತವನ್ನು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಬರೆದಿಟ್ಟ, ಎಪ್ಪತ್ತರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಪೂರ್ತಿಗೊಳಿಸಿದ. ಇಂದು ಕಡಿಮೆ ಬೆಲೆಗೂ ಒಳ್ಳೆಯ ಸ್ಪೀಕರ್ ಸಿಗುತ್ತಿರುವುದಕ್ಕೆ ಈ ಇಬ್ಬರ ಗಣಿತ ದೊಡ್ಡ ಕಾರಣ.

ಬ್ರಿಟನ್ನಿನ ಬಿಬಿಸಿ ಎಪ್ಪತ್ತರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಒಂದಡಿ ಎತ್ತರದ ಸ್ಪೀಕರ್ ಮಾಡಿಸಿಕೊಂಡಿತು, ಎಲ್‌ಎಸ್ 3/5ಎ. ವ್ಯಾನಿನೊಳಗೆ ಕಾಲು ಚಾಚಲೂ ಜಾಗವಿಲ್ಲ, ಆದರೆ ಮೈಕಿನ ಮುಂದೆ ಮಾತಾಡುತ್ತಿರುವವನ ಗಂಟಲು ಕಟ್ಟಿದ್ದರೂ ಗೊತ್ತಾಗಬೇಕು. ಮನುಷ್ಯನ ದನಿಯನ್ನು ದನಿಯಾಗಿಯೇ ಕೇಳಿಸುವ ಆ ಪೆಟ್ಟಿಗೆಯನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಅದರ ಸೆನ್ಸಿಟಿವಿಟಿ 83ರ ಹತ್ತಿರ, ಮದುವೆ ಮನೆಗೆ ಖಂಡಿತ ಆಗದು. ಮನೆಯಲ್ಲಿ ಕೂತು ಕೇಳುವವರಿಗೆ ಬೇಕಾದ್ದೇನು ಅನ್ನುವುದಕ್ಕೆ ನನಗೆ ಅದೇ ಅಳತೆಗೋಲು.

ಅಂಗಡಿಗೆ ಹೋದಾಗ ಏನು ಹಾಕಿಸಿ ಕೇಳಬೇಕು? ಅಂಗಡಿಯವರು ತಮ್ಮದೇ ಹಾಡು ಹಾಕುತ್ತಾರೆ; ಗುಡುಗು, ಗಾಜು ಒಡೆಯುವ ಸದ್ದು, ಇಂಗ್ಲಿಷ್ ಗಿಟಾರು. ಅದನ್ನು ಕೇಳಿ ತೀರ್ಮಾನಿಸುವುದು ಗೊತ್ತಿಲ್ಲದ ಊರಿನ ಬಸ್ಸು ತಡವಾಯಿತೋ ಇಲ್ಲವೋ ಎಂದು ಹೇಳಿದಂತೆ. ನಾನು ಒಯ್ಯುವುದು ಮೂರೇ: ಒಂದು ತಂಬೂರಿ, ಒಂದು ಮೃದಂಗದ ತನಿ, ಪಿ.ಬಿ. ಶ್ರೀನಿವಾಸ್ ಹಾಡಿದ ಅರವತ್ತರ ದಶಕದ ಒಂದು ಚಿತ್ರಗೀತೆ. ಮೂರನೆಯದರ ಕೆಲಸ ಆಮೇಲೆ ಹೇಳುತ್ತೇನೆ.

ತಂಬೂರಿಯನ್ನು ಯಾಕೆ ಅಷ್ಟು ನಂಬುತ್ತೇನೆಂದರೆ, ಅದರಷ್ಟು ಸುಲಭಕ್ಕೆ ಸ್ಪೀಕರಿನ ಹೊಲಿಗೆ ಬಿಚ್ಚಿ ತೋರಿಸುವ ವಾದ್ಯ ಇನ್ನೊಂದಿಲ್ಲ. ಒಂದು ಮನೆ ಶ್ರುತಿಯ ಗಂಡುದನಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಆದರೆ ತಂಬೂರಿಯ ಸೊಗಸು ಅಲ್ಲಿಲ್ಲ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಜೀವಾಳದ ನೂಲಿನಿಂದ ಏಳುವ ಉಪಸ್ವರಗಳ ಜೇನು ಸಾವಿರಾರು ಹರ್ಟ್ಸ್‌ವರೆಗೆ ಏರುತ್ತದೆ. ಸಿ.ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಬರೆದರು: ಬಾಗಿದ ಅಗಲ ಕುದುರೆಯ ಮೇಲೆ ತಂತಿ ಉಜ್ಜುತ್ತ ಆಡುವುದರಿಂದ, ಮೀಟಿದ ಜಾಗಕ್ಕೆ ಲೆಕ್ಕದ ಪ್ರಕಾರ ಬರಬಾರದ ಉಪಸ್ವರಗಳೂ ಇಲ್ಲಿ ಬರುತ್ತವೆ ಎಂದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1934ರಲ್ಲಿ, ಮೃದಂಗ ತಬಲಗಳ ಬಗ್ಗೆ ಬರೆದರು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ನಮ್ಮ ಬಲಮುಖದ ಕರಿ ಕರಣೆ ಅವನ್ನು ಹಿಡಿದು ಕೂರಿಸಿ ಐದು ಹೊಂದುವ ಸ್ವರಗಳನ್ನಾಗಿ ಮಾಡುತ್ತದೆ. ಯಾರೋ ಹೆಸರು ಗೊತ್ತಿಲ್ಲದ ವಾದ್ಯ ಮಾಡುವವರು ಬೆರಳಲ್ಲಿ ಮೆತ್ತಿ ಮೆತ್ತಿ ಕಂಡುಕೊಂಡದ್ದು ಇದು.

ಸ್ಪೀಕರಿನ ಕಷ್ಟ ನೋಡಿ. ತಂಬೂರಿಯ ಒಂದೇ ಮೀಟಿನಲ್ಲಿ ಬುಡ ವೂಫರಿಗೆ ಹೋಗುತ್ತದೆ, ಜೀವಾಳದ ತುದಿ ಟ್ವೀಟರಿಗೆ ಹೋಗುತ್ತದೆ. ಕ್ರಾಸ್‌ಓವರ್ ಅಗ್ಗದಲ್ಲಿ ಮುಗಿಸಿದ್ದಾದರೆ ಎರಡೂ ಬೇರೆಬೇರೆ ಮನೆಯವರಂತೆ ಕೇಳಿಸುತ್ತವೆ, ಕೆಳಗೆ ಗುಂಯ್, ಮೇಲೆ ಚಿರ್ರ್. ಒಳ್ಳೆಯದರಲ್ಲಿ ಒಂದೇ ತಂತಿ, ಒಂದೇ ಉಸಿರು. ಇನ್ನೊಂದು ಮೋಜು: ಮೊಬೈಲಿನ ಕಡಲೆಬೀಜದಷ್ಟು ಸ್ಪೀಕರಿನಿಂದ 65 ಹರ್ಟ್ಸ್ ಹೊರಡುವುದೇ ಇಲ್ಲ, ಆದರೂ ನಮಗೆ ಅಲ್ಲಿ ಮಂದ್ರ ಷಡ್ಜವೇ ಕೇಳಿಸುತ್ತದೆ. ಉಪಸ್ವರಗಳನ್ನು ಕೇಳಿ ಮಿದುಳು ಬುಡವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಅಂಗಡಿಯಲ್ಲಿ "ಬೇಸ್ ಇದೆಯಾ?" ಎಂದು ಕೇಳಿಕೊಂಡರೆ ಸಾಲದು, ಆ ಬೇಸು ನಿಜವಾಗಿ ಗಾಳಿಯಲ್ಲಿದೆಯೋ ಅಥವಾ 100 ಹರ್ಟ್ಸ್ ಆಸುಪಾಸು ಬೇಕೆಂದೇ ಉಬ್ಬಿಸಿ ಕಣ್ಣಿಗೆ ಮಣ್ಣೆರಚಿದ್ದಾರೋ ನೋಡಬೇಕು. ಉಬ್ಬಿಸಿದ್ದರೆ ಮೃದಂಗದ ಪ್ರತಿ ಗುಂಕಿಯೂ ಒಂದೇ ಸ್ವರದಲ್ಲಿ ನಿಂತುಬಿಡುತ್ತದೆ, ಜಾರುವುದಿಲ್ಲ.

ಎರಡು ಸ್ಪೀಕರುಗಳನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿ. ಒಂದೆರಡು ಡೆಸಿಬೆಲ್ ಜೋರಿರುವುದು ನಮ್ಮ ಕಿವಿಗೆ 'ಜೋರು' ಅನ್ನಿಸುವುದಿಲ್ಲ, 'ಚೆನ್ನ' ಅನ್ನಿಸುತ್ತದೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಸಾಧ್ಯವಾದರೆ ಕಣ್ಣು ಮುಚ್ಚಿಕೊಳ್ಳಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬಾತ ಎಂಬತ್ತರ ದಶಕದಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಜನಕ್ಕೆ ಕೇಳಿಸಿದ. ಯಾವುದನ್ನೂ ಉಬ್ಬಿಸದೆ ತಗ್ಗಿಸದೆ ಸಮನಾಗಿ ನುಡಿಯುವ, ಪಕ್ಕಕ್ಕೂ ಅದೇ ಬಣ್ಣದ ಸದ್ದು ಚೆಲ್ಲುವ ಸ್ಪೀಕರನ್ನೇ ಹೆಚ್ಚಿನವರು ಮೆಚ್ಚಿದರು. 1994ರಲ್ಲಿ ಅವನೂ ಶಾನ್ ಆಲಿವ್ ಎಂಬವನೂ ಸೇರಿ ಅದೇ ಸ್ಪೀಕರುಗಳನ್ನು ಒಮ್ಮೆ ಪರದೆಯಿಟ್ಟು, ಒಮ್ಮೆ ತೆಗೆದು ಕೇಳಿಸಿದರೆ, ಕಣ್ಣಿಗೆ ಕಂಡೊಡನೆ ಅಂಕಗಳು ಬದಲಾದವು. ದೊಡ್ಡದು, ಹೊಳೆಯುವುದು, ಹೆಸರಾದದ್ದು ಮೇಲೇರಿತು. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಕೇಳುವ ಭಾಗ್ಯವಿಲ್ಲ. ವಾಪಸು ತೆಗೆದುಕೊಳ್ಳುವ ಅವಧಿ ಇರುವುದನ್ನೇ ಕೊಂಡು, ಆ ದಿನಗಳಲ್ಲಿ ಮನೆಯಲ್ಲೇ ಗಂಭೀರವಾಗಿ ಕೇಳಿಬಿಡುವುದು. ಹೇಗಿದ್ದರೂ ಅಂಗಡಿಯ ಕೋಣೆ ನಿಮ್ಮ ಕೋಣೆಯಲ್ಲ.

ಆಂಪ್ ಒಳಗೇ ಇರುವ ಆ್ಯಕ್ಟಿವ್ ಸ್ಪೀಕರೋ, ಬೇರೆ ಆಂಪ್ ಬೇಡುವ ಪ್ಯಾಸಿವ್ ಸ್ಪೀಕರೋ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಎರಡೇ ಮಾತು. ಹನ್ನೆರಡು ಹದಿಮೂರು ಸಾವಿರಕ್ಕೆ ಮುಗಿಸಬೇಕು, ಫೋನು ಟಿವಿ ಎರಡಕ್ಕೂ ಸಿಕ್ಕಿಸಬೇಕು ಅಂದರೆ ಆ್ಯಕ್ಟಿವ್. ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ ಅಂದರೆ ಪ್ಯಾಸಿವ್, ಯಾಕೆಂದರೆ ಮೊದಲು ಕೆಡುವುದು ಹೆಚ್ಚಾಗಿ ಎಲೆಕ್ಟ್ರಾನಿಕ್ಸ್. ಪೆಟ್ಟಿಗೆ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯಂತೆ ತಲೆಮಾರು ದಾಟುತ್ತದೆ. ಬ್ಲೂಟೂತ್ ಬಗ್ಗೆ ಮೂಗು ಮುರಿಯುವವರಿದ್ದಾರೆ, ಈ ಬೆಲೆಯಲ್ಲಿ ಆ ಜಗಳ ವ್ಯರ್ಥ.

ಈಗ ತೊಪ್ಪಿಯ ವಿಷಯಕ್ಕೆ ಬರೋಣ.

ಒಂದೇ ಮೈಕಿನಲ್ಲಿ ಹಿಡಿದ ರೆಕಾರ್ಡಿಂಗ್ ಎಂದರೆ ಮೋನೊ. ಎರಡೂ ಸ್ಪೀಕರುಗಳಿಗೆ ಹೋಗುವುದು ಒಂದೇ ಸದ್ದು. ಹಾಗಾದಾಗ ವಾದ್ಯ ಎರಡು ಸ್ಪೀಕರುಗಳ ನಟ್ಟನಡುವೆ, ಏನೂ ಇಲ್ಲದ ಜಾಗದಿಂದ ಕೇಳಿಸಬೇಕು. ಅರವತ್ತರ ದಶಕದ ಚಿತ್ರಗೀತೆಯನ್ನು ನಾನು ಜೇಬಿನಲ್ಲಿಟ್ಟುಕೊಂಡು ಓಡಾಡುವುದು ಇದಕ್ಕೇ. ಆ ಕಾಲದ ಹಾಡುಗಳು ಬಹುಪಾಲು ಮೋನೊ, ಶ್ರೀನಿವಾಸರು ನಟ್ಟನಡುವೆ ಬಂದು ನಿಲ್ಲಬೇಕು. ಅವತ್ತು ಭಾವನ ಮೃದಂಗ ಹಾಲ್ ತುಂಬ ಹರಡಿಕೊಂಡಿತ್ತು, ಇಂಥ ಕಡೆ ಅಂತ ಬೆರಳಿಟ್ಟು ತೋರಿಸುವಂತಿರಲಿಲ್ಲ. ಬೇಸು ಬೇರೆ ಇಲ್ಲ. ಈ ಎರಡು ಲಕ್ಷಣ ಜೊತೆಗೆ ಕಂಡರೆ ಕಾಯಿಲೆ ಒಂದೇ. ನಾನು ಟಿವಿ ಯೂನಿಟ್ಟಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದೆ. ಹುಡುಗ ಸ್ಪೀಕರಿಗೆ ಎಳೆದದ್ದು ಮನೆ ವೈರಿಂಗಿನಲ್ಲಿ ಉಳಿದ, ಎರಡೂ ಎಳೆ ಒಂದೇ ಬಣ್ಣದ ಜೋಡಿ ವೈರು. ಎಡಗಡೆಯದಕ್ಕೆ ಕೆಂಪು ಕೆಂಪಿಗೆ ಹೋಗಿತ್ತು, ಬಲಗಡೆಯದಕ್ಕೆ ಕೆಂಪು ಕಪ್ಪಿಗೆ ಹೋಗಿತ್ತು.

ಹಾಗಾದರೆ ಒಂದು ವೂಫರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ತಗ್ಗಿನ ಸ್ವರಗಳ ಅಲೆ ಹಲವು ಅಡಿ ಉದ್ದ, ಆದ್ದರಿಂದ ಒಂದು ಕೊಟ್ಟದ್ದನ್ನು ಇನ್ನೊಂದು ನುಂಗಿಹಾಕುತ್ತದೆ. ಮೇಲಿನ ಸ್ವರಗಳ ಅಲೆ ಗಿಡ್ಡ, ಅವು ಅಲ್ಲಲ್ಲಿ ಚದುರಿ ಹೇಗೋ ಬದುಕಿಕೊಳ್ಳುತ್ತವೆ. ಬಲ ಕೇಳಿಸಿ ತೊಪ್ಪಿ ಮಾಯವಾದದ್ದು ಹೀಗೆ. ಯಾವ ಎಳೆ ಯಾವುದೆಂದು ತಿಳಿಯದಿದ್ದರೆ ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ಸಾಕು. ಆಂಪ್‌ನಿಂದ ವೈರು ಬಿಡಿಸಿ, ಆ ತುದಿಗಳನ್ನು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಕೆಂಪಿಗೆ ಸೇರಿದ್ದರೆ ವೂಫರಿನ ಹಾಳೆ ಮುಂದೆ ಬರುತ್ತದೆ, ಇಲ್ಲವಾದರೆ ಒಳಗೆ ಹೋಗುತ್ತದೆ. ನಾವು ಹಾಗೇ ಮಾಡಿ, ಕೆಂಪಿಗೆ ಹೋಗುವ ಎಳೆಗೆ ಸೊಸೆಯ ಉಗುರುಬಣ್ಣದಿಂದ ಒಂದು ಬೊಟ್ಟಿಟ್ಟೆವು.

ಅಂದ ಹಾಗೆ, ಆ ಉಳಿಕೆ ವೈರಿಗೆ ನನ್ನ ಆಕ್ಷೇಪ ಬಣ್ಣದ್ದಷ್ಟೇ. 1.5 ಚದರ ಮಿಲಿಮೀಟರಿನ ತಾಮ್ರದ ವೈರು ಐದು ಮೀಟರ್ ಎಳೆದರೆ ಹೋಗಿಬರುವ ದಾರಿಯ ರೋಧ 0.12 ಓಮ್, ಎಂಟು ಓಮಿನ ಸ್ಪೀಕರಿಗೆ ಅದು ಲೆಕ್ಕಕ್ಕೇ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಕೆಂಪು-ಕಪ್ಪು ಸ್ಪೀಕರ್ ವೈರನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಹೆಡೆಯೆತ್ತಿದ ಹಾವಿನಂಥ ದಪ್ಪ ಕೇಬಲಿಗೆ ಸಾವಿರಾರು ಕೊಡುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ.

ವೈರು ಬದಲಿಸಿ ಮತ್ತೆ ತನಿ ಹಾಕಿದೆವು. ತೊಪ್ಪಿ ಬಂತು. ಬಂದದ್ದು ಎಷ್ಟು ಜೋರಾಗಿ ಅಂದರೆ, ಶೋಕೇಸಿನ ಗಾಜು ಝಲ್ಲೆಂದಿತು. "ಮಾವ, ಗೊಂಬೆಗಳೆಲ್ಲ ಕುಣೀತಿವೆ!" ಎಂದು ಸೊಸೆ ಅಡುಗೆಮನೆಯಿಂದ ಓಡಿಬಂದಳು. ಚನ್ನಪಟ್ಟಣದ ಮದುವೆ ಜೋಡಿ ಅರ್ಧ ಇಂಚು ಮುಂದೆ ಬಂದು ನಿಂತಿತ್ತು. ಭಾವ ತಲೆ ಅಲ್ಲಾಡಿಸಿದರು: "ಈಗ ಇದು ನನ್ನ ಮೃದಂಗ ಅಲ್ಲ. ನೀರಿನ ಡ್ರಮ್ಮು."

ಕಾಯಿಲೆ ಹೋಗಿ ಮನೆ ಉಳಿದಿತ್ತು. ಅವನ ಹಾಲ್ 14 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10. ಸದ್ದಿನ ಅಲೆಗೆ ಎರಡು ಗೋಡೆಗಳ ನಡುವಿನ ದೂರ ಸರಿಹೊಂದಿದಾಗ ಆ ಒಂದು ಸ್ವರ ತಾನಾಗಿ ಉಬ್ಬುತ್ತದೆ. ಬಚ್ಚಲುಮನೆಯಲ್ಲಿ ಹಾಡುವಾಗ ಯಾವುದೋ ಒಂದು ಸ್ವರಕ್ಕೆ ನಾವೆಲ್ಲ ಭೀಮಸೇನ ಜೋಶಿಯಾಗುತ್ತೇವಲ್ಲ, ಅದೇ. ಸೆಕೆಂಡಿಗೆ ಸುಮಾರು 345 ಮೀಟರ್ ಓಡುವ ಸದ್ದಿಗೆ 14 ಅಡಿಯ ಗೋಡೆಗಳು 40 ಹರ್ಟ್ಸ್‌ನಲ್ಲಿ, 10 ಅಡಿಯವು 57ರಲ್ಲಿ ಉಬ್ಬು ಕೊಡುತ್ತವೆ, ಮತ್ತೆ ಅದರ ದುಪ್ಪಟ್ಟು 113ರಲ್ಲಿ. ಇಲ್ಲಿ ಅಗಲವೂ ಎತ್ತರವೂ ಒಂದೇ ಆಗಿರುವುದರಿಂದ 57ಕ್ಕೂ 113ಕ್ಕೂ ಎರಡೆರಡು ಬಾರಿ ಒಗ್ಗರಣೆ ಬೀಳುತ್ತದೆ. ಸಾಲದ್ದಕ್ಕೆ ಸ್ಪೀಕರುಗಳು ಟಿವಿ ಯೂನಿಟ್ಟಿನ ಗೂಡಿನೊಳಗೆ. ಅವುಗಳ ಪೋರ್ಟು, ಅಂದರೆ ಆಗಲೇ ಹೇಳಿದ ಕೊಳವೆಯ ಬಾಯಿ, ಬೆನ್ನಿನಲ್ಲಿ, ಬೆನ್ನಿಗೂ ಹಲಗೆಗೂ ಎರಡು ಬೆರಳಿನ ಸಂದು. ಎಡಗಡೆಯದಂತೂ ಮೂಲೆಗೆ ಒತ್ತಿಕೊಂಡಿತ್ತು. ಗೋಡೆ ಹತ್ತಿರವಾದಷ್ಟೂ ಬೇಸು ದಪ್ಪ, ಎರಡು ಗೋಡೆ ಸೇರುವ ಮೂಲೆಯಲ್ಲಿ ಇನ್ನೂ ದಪ್ಪ. ನಮ್ಮ ಸೋಫಾವೂ ಎದುರು ಗೋಡೆಗೆ ಅಂಟಿಕೊಂಡಿತ್ತು, ಉಬ್ಬಿದ ಬೇಸು ಹೋಗಿ ಶೇಖರವಾಗುವ ಜಾಗ ಅದು.

ಹಾಗಂತ ಸ್ಪೀಕರನ್ನು ಗೋಡೆಯಿಂದ ಎಷ್ಟು ದೂರ ತಂದರೆ ಅಷ್ಟು ಒಳ್ಳೆಯದು ಅಂತಲೂ ಅಲ್ಲ. ಸ್ಪೀಕರಿನ ಮುಂಬದಿ ಗೋಡೆಯಿಂದ ಒಂದು ಮೀಟರ್ ದೂರವಿದ್ದರೆ, ಹಿಂದೆ ಹೋಗಿ ಬಡಿದು ಬಂದ ಅಲೆ 86 ಹರ್ಟ್ಸ್‌ನಲ್ಲಿ ಮುಂದಿನ ಅಲೆಗೆ ಅಡ್ಡಗಾಲು ಹಾಕಿ ಆ ಸ್ವರವನ್ನೇ ಕೊಲ್ಲುತ್ತದೆ. 60 ಸೆಂಟಿಮೀಟರಾದರೆ 144ರಲ್ಲಿ. ಸಣ್ಣ ಹಾಲ್‌ಗಳಲ್ಲಿ ನನ್ನ ಅನುಭವಕ್ಕೆ ಒಗ್ಗಿದ್ದು, ಬೆನ್ನಿಗೆ ಒಂದು ಗೇಣು ಉಸಿರಾಡುವ ಜಾಗ ಬಿಟ್ಟು ನಿಲ್ಲಿಸುವುದು, ಪಕ್ಕದ ಗೋಡೆಗೆ ಅದಕ್ಕಿಂತ ಬೇರೆ ದೂರ ಇಡುವುದು. ಆಮೇಲೆ ತಂಬೂರಿ ಹಾಕಿಕೊಂಡು ಒಂದೊಂದು ಅಂಗುಲ ಸರಿಸುತ್ತ ಹೋಗುವುದು. ಲೆಕ್ಕ ಎಲ್ಲಿಂದ ಶುರು ಮಾಡಬೇಕೆಂದು ಹೇಳುತ್ತದೆ, ಎಲ್ಲಿ ನಿಲ್ಲಬೇಕೆಂದು ಕಿವಿ ಹೇಳುತ್ತದೆ.

ಗೂಡಿನಿಂದ ಇಳಿಸಿ ಎರಡು ಸ್ಟೂಲಿನ ಮೇಲೆ ಕೂರಿಸಿದೆವು. ಒಂದರಿಂದ ಒಂದಕ್ಕೆ ಆರೂವರೆ ಅಡಿ. ಸೋಫಾವನ್ನು ಗೋಡೆಯಿಂದ ಒಂದಡಿ ಈಚೆಗೆ ಎಳೆದಾಗ ಕೇಳುವವರಿಗೂ ಹೆಚ್ಚುಕಡಿಮೆ ಅಷ್ಟೇ ದೂರ, ಮೂರೂ ಭುಜ ಸಮನಾದ ತ್ರಿಕೋನ. ಮುಖ ತುಸು ಒಳಕ್ಕೆ ತಿರುಗಿಸಿದ್ದಾಯಿತು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಮೇಲೆ ಕೆಳಗೆ ಸರಿದರೆ ವೂಫರ್, ಟ್ವೀಟರುಗಳಿಂದ ಕಿವಿಗೆ ಇರುವ ದೂರ ಬದಲಾಗಿ, ಕ್ರಾಸ್‌ಓವರಿನ ಗೆರೆಯ ಹತ್ತಿರ ಸದ್ದು ಸೊರಗುತ್ತದೆ. ಆದರೆ ಆ ಪುಸ್ತಕಗಳನ್ನು ಬರೆದವರು ಸೋಫಾದ ಮೇಲೆ ಕೂರುವವರು. ನಮ್ಮ ಭಾವ ಸಂಗೀತಕ್ಕೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಯೇ ಕೂರುವುದು. ಅವರ ಕಿವಿ ಸೋಫಾದವರ ಕಿವಿಗಿಂತ ಒಂದು ಮೊಳ ಕೆಳಗೆ. ಸ್ಪೀಕರಿನ ಹಿಂಬದಿಯ ಅಡಿಗೆ ಒಂದು ಹಳೆಯ ರಬ್ಬರಿನ ತುಂಡು ಕೊಟ್ಟು ಮುಂದಕ್ಕೆ ಬಾಗಿಸಿದೆವು. ಸ್ಟೂಲಿನ ಮೇಲೆ ಅಡುಗೆಮನೆ ಕಟ್ಟೆಯಲ್ಲಿ ಉಳಿದ ಗ್ರಾನೈಟಿನ ತುಂಡು ಹಾಕಿದೆವು. ಭಾರಕ್ಕೆ ಸ್ಟೂಲು ತಾನು ಹಾಡುವುದು ನಿಲ್ಲಿಸಿತು.

ಇನ್ನೂ ಒಂದು ತುಸು ಭಾರವಿತ್ತು ಬೇಸಿನಲ್ಲಿ. ಮಗುವಿನ ಒಂದು ಜೊತೆ ಕಾಲುಚೀಲ ಸುರುಳಿ ಸುತ್ತಿ ಒಂದೊಂದು ಪೋರ್ಟಿಗೆ ಒಂದೊಂದು ತುರುಕಿದೆವು. ನಗಬೇಡಿ, ಕೆಲವು ಕಂಪನಿಗಳು ಇದೇ ಕೆಲಸಕ್ಕೆಂದು ಸ್ಪಂಜಿನ ಬಿರಡೆ ಕೊಡುತ್ತವೆ. ಮಗುವಿರುವ ಮನೆಯಲ್ಲಿ ಇನ್ನೊಂದು ಮಾತು: ಮುಂದಿನ ಬಟ್ಟೆಯ ಜಾಳಿಗೆ ತೆಗೆಯಲೇಬೇಡಿ. ಟ್ವೀಟರಿನ ಗುಮ್ಮಟ ಕಂಡ ಎರಡು ವರ್ಷದ ಯಾವ ಮಗುವೂ ಅದನ್ನು ಬೆರಳಲ್ಲಿ ಒತ್ತದೆ ಬಿಟ್ಟದ್ದಿಲ್ಲ.

ಕೊನೆಗೆ ಉಳಿದದ್ದು ಹಾಲ್‌ನ ಕಿರಿಕಿರಿ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಟಿಂಯ್ ಎಂದು ಬಾಲ ಬರುತ್ತಿತ್ತು. ವಿಟ್ರಿಫೈಡ್ ಟೈಲ್ಸು, ನುಣುಪು ಗೋಡೆ, ಇನ್ನೂ ಪರದೆ ಹಾಕದ ಬಾಲ್ಕನಿಯ ಗಾಜಿನ ಬಾಗಿಲು. ಸದ್ದು ಅಲ್ಲಿಂದಿಲ್ಲಿಗೆ ಟೇಬಲ್ ಟೆನಿಸ್ ಆಡುತ್ತಿತ್ತು. ಒಬ್ಬರು ಸೋಫಾದಲ್ಲಿ ಕೂತು, ಇನ್ನೊಬ್ಬರು ಕೈಗನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಸರಿಸುತ್ತ ಹೋದರೆ, ಯಾವ ಜಾಗದಲ್ಲಿ ಕನ್ನಡಿಯೊಳಗೆ ಸ್ಪೀಕರು ಕಾಣುತ್ತದೋ ಸದ್ದು ಮೊದಲು ಬಡಿದು ಬರುವುದು ಅಲ್ಲಿಂದ. ಒಂದು ಕಡೆ ಬಾಲ್ಕನಿಯ ಗಾಜೇ ಆ ಜಾಗವಾಗಿತ್ತು. ದಪ್ಪ ಪರದೆಗೆ ಸೊಸೆ ಹೇಗೂ ಪಟ್ಟು ಹಿಡಿದಿದ್ದಳು, ಈಗ ಅವಳಿಗೊಂದು ವೈಜ್ಞಾನಿಕ ಕಾರಣ ಸಿಕ್ಕಿತು. ಇನ್ನೊಂದು ಕಡೆಗೆ ಪುಸ್ತಕದ ಕಪಾಟು ಬಂತು. ಎತ್ತರ ತಗ್ಗು ಜೋಡಿಸಿದ ಪುಸ್ತಕಗಳು ಸದ್ದನ್ನು ಚದುರಿಸುವುದರಲ್ಲಿ ನಿಸ್ಸೀಮ. ಅಂತೂ ಬುಕ್‌ಶೆಲ್ಫಿಗೂ ಸ್ಪೀಕರಿಗೂ ಸಂಬಂಧ ಕೂಡಿತು, ಒಳಗಲ್ಲ, ಪಕ್ಕದಲ್ಲಿ. ನೆಲಕ್ಕೆ ಅಕ್ಕ ತನ್ನ ಮದುವೆಯ ಜಮಖಾನೆ ತೆಗೆದುಕೊಟ್ಟಳು. ಜಮಖಾನೆ ಮೇಲಿನ ಸ್ವರಗಳ ಚುರುಕನ್ನಷ್ಟೇ ಹೀರುತ್ತದೆ, ಬೇಸಿಗೆ ಅದರಿಂದ ಏನೂ ಆಗದು. ಅದಕ್ಕೇ ಸ್ಪೀಕರಿನ ಜಾಗ ಮೊದಲು, ಬಟ್ಟೆಬರೆ ಆಮೇಲೆ.

ದೀಪ ಹಚ್ಚುವ ಹೊತ್ತಾಗಿತ್ತು. ಮತ್ತೆ ಅದೇ ಕ್ಯಾಸೆಟ್ಟು. ಈ ಸಲ ಮೃದಂಗ ಟಿವಿಯ ನಟ್ಟನಡುವೆ, ಪರದೆಯಿಂದ ಒಂದು ಮೊಳ ಹಿಂದೆ ಕೂತಿತ್ತು. ಗುಂಕಿ ಜಾರುವಾಗ ಜಾರಿತು. ಗೊಂಬೆಗಳು ಅಲುಗಾಡಲಿಲ್ಲ. ಭಾವ ಚಾಪೆಯ ಮೇಲೆ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ತನಿಯ ಕೊನೆಗೆ ಮೋಹರ ಬರುವಷ್ಟರಲ್ಲಿ ಹುಬ್ಬು ಗಂಟಿಕ್ಕಿದರು. ಮಗ ಗಾಬರಿಯಾಗಿ ಎದ್ದ.

"ಏನಾಯ್ತಪ್ಪಾ, ಮತ್ತೆ ವೈರಾ?"

"ವೈರು ಸರಿಯಾಗಿದೆ ಬಿಡು," ಎಂದರು ಭಾವ ಕಣ್ಣು ತೆರೆಯದೆ. "ತೊಪ್ಪಿ ಏರಿಬಿಟ್ಟಿದೆ. ತನಿಗೆ ಮುಂಚೆ ನಾನು ರವೆಗೆ ನೀರು ಹಚ್ಕೊಂಡೇ ಇಲ್ಲ."